ಸುತ್ತು, ವೇಗ, ಜಾಗ

2005ರ ಫೆಬ್ರುವರಿ. ಹೈದರಾಬಾದಿನ ಹುಡುಗಿ, ಹದಿನೆಂಟರ ಸಾನಿಯಾ ಮಿರ್ಜಾ, ತನ್ನೂರಿನ ಜನರ ಕಣ್ಣೆದುರೇ ಉಕ್ರೇನಿನ ಅಲ್ಯೋನಾ ಬೊಂಡರೆಂಕೊ ಅವರನ್ನು 6-4, 5-7, 6-3ರಿಂದ ಮಣಿಸಿದರು. ಡಬ್ಲ್ಯೂಟಿಎ ಸಿಂಗಲ್ಸ್ ಪ್ರಶಸ್ತಿ ಗೆದ್ದ ಮೊದಲ ಭಾರತೀಯ ಮಹಿಳೆ ಅವರು. ಆ ವರ್ಷ ಟೆನಿಸ್ ನೋಡದವರೂ ಅವರ ಫೋರ್‌ಹ್ಯಾಂಡಿನ ಮಾತಾಡಿದರು. ಆದರೆ ಜೋರಾಗಿ ಹೊಡೆದ ಮಾತ್ರಕ್ಕೆ ಪಾಯಿಂಟ್ ಬರುವುದಿಲ್ಲ. ವೇಗ, ಸುತ್ತು, ಜಾಗ ಈ ಮೂರೂ ಕೂಡಿ ಬರಬೇಕು. ಒಂದೊಂದರ ಕೆಲಸವೂ ಬೇರೆ.

ವೇಗ

ಕೋರ್ಟಿನ ಉದ್ದ 23.77 ಮೀಟರ್. ಗಂಟೆಗೆ ಸರಾಸರಿ 100 ಕಿ.ಮೀ. ವೇಗದ ಚೆಂಡು ಈ ದೂರವನ್ನು ಒಂದು ಸೆಕೆಂಡಿನೊಳಗೇ ದಾಟುತ್ತದೆ. ಅಷ್ಟರಲ್ಲಿ ಎದುರಾಳಿ ಚೆಂಡು ಎಲ್ಲಿಗೆಂದು ಗುರುತಿಸಿ, ಓಡಿ, ಕಾಲೂರಿ, ರ‍್ಯಾಕೆಟ್ ಬೀಸಬೇಕು. ವೇಗ ಕಸಿದುಕೊಳ್ಳುವುದು ಈ ಸಮಯವನ್ನೇ. ಆದರೆ ನಿಂತಲ್ಲಿಗೇ ಬಂದ ವೇಗದ ಚೆಂಡು ಎದುರಾಳಿಗೂ ಅನುಕೂಲ. ರ‍್ಯಾಕೆಟ್ ಅಡ್ಡ ಹಿಡಿದರೂ ಸಾಕು, ಆ ವೇಗದ ಬಲದಿಂದಲೇ ಮರಳಿ ಬರುತ್ತದೆ.

ಸುತ್ತು

ರ‍್ಯಾಕೆಟ್ಟನ್ನು ಕೆಳಗಿನಿಂದ ಮೇಲಕ್ಕೆ ಉಜ್ಜಿದಂತೆ ಬೀಸಿದರೆ ಚೆಂಡು ಮುಂದಕ್ಕೆ ಉರುಳುತ್ತಲೇ ಹಾರುತ್ತದೆ. ಇದು ಟಾಪ್‌ಸ್ಪಿನ್. ಹೀಗೆ ಸುತ್ತುವ ಚೆಂಡು ತನ್ನ ಹಿಂದಿನ ಗಾಳಿಯನ್ನು ಮೇಲಕ್ಕೆ ತಿರುಗಿಸುತ್ತದೆ. ಪ್ರತಿಯಾಗಿ ಗಾಳಿ ಚೆಂಡನ್ನು ಕೆಳಕ್ಕೆ ಒತ್ತುತ್ತದೆ. ಇದೇ ಮ್ಯಾಗ್ನಸ್ ಪರಿಣಾಮ. ಹಾಗಾಗಿ ನೆಟ್‌ನ ಮೇಲೆ ಸಾಕಷ್ಟು ಎತ್ತರದಲ್ಲಿ ಸಾಗಿದ ಚೆಂಡೂ ಬೇಸ್‌ಲೈನಿನೊಳಗೇ ಬೀಳುತ್ತದೆ, ಬಿದ್ದು ಭುಜದೆತ್ತರಕ್ಕೆ ಪುಟಿಯುತ್ತದೆ. ಸ್ಲೈಸ್ ಇದರ ವಿರುದ್ಧ. ಚೆಂಡು ತೇಲುತ್ತಾ ಬಂದು, ನೆಲದಿಂದ ಹೆಚ್ಚು ಏಳದೆ ಜಾರುತ್ತದೆ. ಎದುರಾಳಿ ಬಾಗಿ ಎತ್ತಬೇಕಾಗುತ್ತದೆ.

ಜಾಗ

ನೆಟ್‌ನ ಎತ್ತರ ಕಂಬಗಳ ಬಳಿ 1.07 ಮೀಟರ್, ನಡುವೆ 0.914 ಮೀಟರ್. ಓರೆ ಹೊಡೆತ ಸಾಗುವುದು ತಗ್ಗಾದ ಈ ನಡುಭಾಗದ ಮೇಲೆ. ಸಿಂಗಲ್ಸ್ ಕೋರ್ಟನ್ನು ಮೂಲೆಯಿಂದ ಮೂಲೆಗೆ ಅಳೆದರೆ ನೇರ ಉದ್ದಕ್ಕಿಂತ ಸುಮಾರು 1.4 ಮೀಟರ್ ಹೆಚ್ಚು ಸಿಗುತ್ತದೆ. ಆದ್ದರಿಂದ ಓರೆ ಹೊಡೆತದಲ್ಲಿ ತಪ್ಪು ಕಡಿಮೆ. ಅನುಭವಿಗಳು ಓರೆಯಾಗಿ ಆಡುತ್ತಾ ಎದುರಾಳಿಯನ್ನು ಅಂಚಿಗೆ ಎಳೆಯುತ್ತಾರೆ. ಅತ್ತಲಿಂದ ಸಪ್ಪೆ ಚೆಂಡು ಬಂದಾಗ ಮಾತ್ರ ಗೆರೆಗುಂಟ ನೇರ ಹೊಡೆದು, ತೆರೆದ ಕಡೆಗೆ ಕಳಿಸುತ್ತಾರೆ.

ಇಬ್ಬರ ಕೈ

ಸಿಂಗಲ್ಸ್‌ನಲ್ಲಿ ಸಾನಿಯಾ ಏರಿದ ಅತ್ಯುನ್ನತ ಸ್ಥಾನ 27. ಡಬಲ್ಸ್‌ನಲ್ಲಿ, 2015ರ ಏಪ್ರಿಲ್‌ನಲ್ಲಿ, ವಿಶ್ವಕ್ಕೇ ಮೊದಲು. ಈ ಅಂತರದಲ್ಲೇ ನಮ್ಮ ಪಾಠವಿದೆ. ಸಾನಿಯಾರ ಫೋರ್‌ಹ್ಯಾಂಡಿಗೆ ತಡವರಿಸಿದ ಎದುರಾಳಿಯಿಂದ ಸಪ್ಪೆ ಚೆಂಡು ಬರುತ್ತಿತ್ತು. ನೆಟ್ ಬಳಿ ಕಾದಿದ್ದ ಡಬಲ್ಸ್ ಜೊತೆಗಾರ್ತಿ ಮಾರ್ಟಿನಾ ಹಿಂಗಿಸ್ ಅದನ್ನು ಖಾಲಿ ಜಾಗಕ್ಕೆ ಇಡುತ್ತಿದ್ದರು. ವೇಗ ಒಬ್ಬರದು, ಜಾಗದ ಅರಿವು ಮತ್ತೊಬ್ಬರದು. 2015ರ ವಿಂಬಲ್ಡನ್ ಫೈನಲ್‌ನ ಮೂರನೇ ಸೆಟ್‌ನಲ್ಲಿ 2-5ರಿಂದ ಹಿಂದಿದ್ದರೂ ಇವರು 7-5ರಿಂದ ಗೆದ್ದರು. ಮುಂದೊಮ್ಮೆ ಸತತ 41 ಪಂದ್ಯಗಳಲ್ಲಿ ಈ ಜೋಡಿಗೆ ಸೋಲೇ ಇರಲಿಲ್ಲ.

ಹೊಸದಾಗಿ ಕಲಿಯುವವರು ಮೊದಲು ವೇಗಕ್ಕೆ ಆಸೆಪಡುತ್ತಾರೆ. ಕಲಿಕೆಯ ಹಾದಿ ಬೇರೆ. ಬೇಸ್‌ಲೈನಿನ ಒಳಗೆ, ಮೂಲೆಯಲ್ಲಿ ಒಂದು ಟವೆಲ್ ಹಾಸಿ, ಹತ್ತರಲ್ಲಿ ಐದಾರು ಚೆಂಡು ಅದರ ಆಸುಪಾಸು ಬೀಳುವವರೆಗೆ ನಿಧಾನವಾಗಿ ಹೊಡೆಯಿರಿ. ಆಮೇಲೆ ಸುತ್ತು ಕೂಡಿಸಿ. ಆಗಲೂ ಗುರಿ ತಪ್ಪದಿದ್ದರೆ ತೋಳಿನ ಬಲವನ್ನೆಲ್ಲ ಹಾಕಿ. ಬೀಳುವ ಜಾಗ ಗೊತ್ತಿರುವ ಚೆಂಡಿಗೆ ಮಾತ್ರ ವೇಗ ಕೊಡಬಹುದು.