ಸರಿದ ಚುಕ್ಕಿ

ಅಮೆರಿಕದ ಕಾನ್ಸಾಸ್‌ನಲ್ಲಿ ಕ್ಲೈಡ್ ಟಾಂಬೊ ಎಂಬ ರೈತನ ಮಗನಿದ್ದ. ಆಲಿಕಲ್ಲು ಮಳೆಗೆ ಬೆಳೆ ನಾಶವಾಗಿ ಅವನ ಕಾಲೇಜಿನ ಆಸೆ ಮಣ್ಣುಪಾಲಾಯಿತು. ಆತ ಎದೆಗುಂದಲಿಲ್ಲ. ತಾನೇ ದೂರದರ್ಶಕ ತಯಾರಿಸಿ, ಕಂಡ ಗ್ರಹಗಳ ಚಿತ್ರ ಬರೆದು ಲೊವೆಲ್ ವೀಕ್ಷಣಾಲಯಕ್ಕೆ ಕಳುಹಿಸಿದ. ಅಲ್ಲಿ ಕೆಲಸವೇ ಸಿಕ್ಕಿತು. 1930ರ ಜನವರಿ 23 ಮತ್ತು 29ರ ರಾತ್ರಿ ಆಕಾಶದ ಒಂದೇ ಭಾಗದ ಫೋಟೋ ತೆಗೆದ. ಫೆಬ್ರವರಿ 18ರಂದು ಎರಡನ್ನೂ ಹೋಲಿಸಿದಾಗ ಒಂದು ಚುಕ್ಕಿ ಜಾಗ ಬದಲಿಸಿತ್ತು. ಅದೇ ಪ್ಲೂಟೊ! ಆತ ಕಾಲೇಜು ಮೆಟ್ಟಿಲು ಹತ್ತಿದ್ದು ಆಮೇಲೆ.

2006ರಲ್ಲಿ ಪ್ಲೂಟೊ ‘ಕುಬ್ಜ ಗ್ರಹ’ವೆನಿಸಿತು. ಇಂದಿನ ಹವ್ಯಾಸಿಗಳೂ ಅದನ್ನು ಹುಡುಕುವುದು ಹೀಗೆಯೇ. ಎಂಟು-ಹತ್ತು ಇಂಚಿನ ದೂರದರ್ಶಕಕ್ಕೆ ಕ್ಯಾಮೆರಾ ಜೋಡಿಸಿ, ಭೂಮಿಯ ತಿರುಗುವಿಕೆಗೆ ಸರಿಯಾಗಿ ಮೋಟಾರಿನಿಂದ ಅದನ್ನು ತಿರುಗಿಸುತ್ತಾ ಹತ್ತಾರು ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂಡಿಸುತ್ತಾರೆ. ಮರುದಿನ ರಾತ್ರಿ ಮತ್ತದೇ ಕೆಲಸ. ನಕ್ಷತ್ರಗಳು ಇದ್ದಲ್ಲೇ ಇರುತ್ತವೆ, ಪ್ಲೂಟೊ ಸರಿದಿರುತ್ತದೆ. ಮಾಕೆಮಾಕೆ, ಹೌಮಿಯಾ ಇನ್ನೂ ಮಂಕು. ಎರಿಸ್ ಮತ್ತೂ ಕಷ್ಟ. ಅದರ ಬೆಳಕು ನಮ್ಮನ್ನು ತಲುಪಲು ಸುಮಾರು 13 ಗಂಟೆ ಬೇಕು.

ನಮ್ಮ ಧರ್ಮಸಭೆಯೂ ಈ ಹುಡುಕಾಟದಲ್ಲಿದೆ. 2012ರಲ್ಲಿ ಅರಿಜೋನಾದಲ್ಲಿರುವ ವ್ಯಾಟಿಕನ್ ದೂರದರ್ಶಕದ ಮೂಲಕ ಯೇಸುಸಭೆಯ ಗುರು ರಿಚರ್ಡ್ ಬಾಯ್ಲ್ ಮತ್ತು ಲಿಥುವೇನಿಯಾದ ಕಾಜಿಮಿಯೆರಾಸ್ ಚೆರ್ನಿಸ್ ನೆಪ್ಚೂನಿನಾಚೆಯ ಪುಟ್ಟ ಲೋಕವೊಂದನ್ನು ಕಂಡರು.

ಇಷ್ಟೆಲ್ಲ ಶ್ರಮಕ್ಕೆ ಸಿಗುವುದು ಒಂದು ಚುಕ್ಕಿ. ಮೊದಲ ನೋಟಕ್ಕೆ ಅದು ಸಾವಿರದಲ್ಲೊಂದು. ಎರಡನೆಯ ಸಲ ನೋಡಿದವರಿಗೆ ಮಾತ್ರ ಅದರ ಗುರುತು ಸಿಗುತ್ತದೆ. ನಮ್ಮ ಮನೆಯ ಮೂಲೆಯಲ್ಲೂ ಸದ್ದಿಲ್ಲದೆ ಕುಳಿತ ಅಜ್ಜಿಯೋ, ಸೋತ ಮಗನೋ ಇರಬಹುದು. ಪ್ರಿಯರೇ, ಅವರನ್ನು ಎರಡನೆಯ ಸಲ ನೋಡಿದ್ದೇವೆಯೇ?