ಇನ್‌ಸ್ಟಾಲ್ ಆಯ್ತು, ಕಮಾಂಡ್ ಮಾತ್ರ ಸಿಗ್ತಿಲ್ಲ!

ನಾನು ಬಿ.ಕಾಂ. ಓದಿದವನು. ಗಾಳಿ, ನೀರಿನ ಹರಿವು ಲೆಕ್ಕ ಹಾಕೋ ಓಪನ್‌ಫೋಮ್ ನನಗ್ಯಾಕೆ ಅಂತೀರಾ? ಗೆಳೆಯನ ಪ್ರಾಜೆಕ್ಟ್‌ಗೆ ಅಂತ ಉಬುಂಟುನಲ್ಲಿ ಹಾಕೋಕೆ ಕೂತೆ, ಒಂದು ರಾತ್ರಿ ಹೋಯ್ತು. ಪ್ಯಾಕೇಜ್ ಸರಿಯಾಗೇ ಇಳಿದಿತ್ತು. ಟೈಪ್ ಮಾಡಿದ್ರೆ 'ಕಮಾಂಡ್ ನಾಟ್ ಫೌಂಡ್'!

ವಿಷಯ ಇಷ್ಟೇ. ಇದರ ಪ್ರೋಗ್ರಾಂಗಳು ಟರ್ಮಿನಲ್ ಮಾಮೂಲಿಯಾಗಿ ಹುಡುಕೋ ಜಾಗದಲ್ಲಿ ಇರಲ್ಲ. ಎಲ್ಲಿವೆ ಅಂತ ತಿಳಿಸೋದು ಓಪನ್‌ಫೋಮ್‌ನದೇ ಬ್ಯಾಶ್‌ಆರ್‌ಸಿ ಫೈಲ್. ಪ್ರತಿ ಹೊಸ ಟರ್ಮಿನಲ್‌ನಲ್ಲೂ ಅದನ್ನ ಸೋರ್ಸ್ ಮಾಡಬೇಕು. ಇಲ್ಲಾಂದ್ರೆ ಆ ಸಾಲನ್ನ ಹೋಂ ಫೋಲ್ಡರ್‌ನ ಬ್ಯಾಶ್‌ಆರ್‌ಸಿಗೆ ಒಮ್ಮೆ ಸೇರಿಸಿದ್ರಾಯ್ತು. ನಾನು ನೋಡ್ತಿದ್ದ ಟಿಪ್ಪಣಿ ಬರೆದವರು ಇದನ್ನೇ ಬಿಟ್ಟಿದ್ರು. ಅವರಿಗದು ಅಭ್ಯಾಸ, ಹೊಸಬರಿಗೆ ಗೋಡೆ.

ಓಪನ್‌ಫೋಮ್‌ನಲ್ಲಿ ಎರಡು ಮುಖ್ಯ ಕವಲು ಬೇರೆ: ಒಂದರ ಆವೃತ್ತಿ ಸಂಖ್ಯೆ 12 ಅನ್ನೋ ತರಹ ಇದ್ರೆ, ಇನ್ನೊಂದರದು 2406 ಅನ್ನೋ ತರಹ. ಫೈಲ್ ಇರೋ ಜಾಗವೂ ಬೇರೆ. ಟಿಪ್ಪಣಿ ಬರೆಯೋರು ಯಾವ ಕವಲು, ಯಾವ ಉಬುಂಟು ಅಂತ ಮೊದಲ ಸಾಲಲ್ಲೇ ಹೇಳ್ಬಿಡಿ. ಪ್ರತಿ ಕಮಾಂಡ್ ಕೆಳಗೆ ಏನು ಕಾಣಬೇಕು ಅನ್ನೋದನ್ನೂ ಬರೀರಿ.