ತುಕ್ಕೇ ಕಾವಲಾದಾಗ

ಬಂಗಾರಪೇಟೆಯ ಹಳೆಯ ಹೆಸರು ಬೌರಿಂಗ್‌ಪೇಟೆ. ಅಲ್ಲಿಂದ ಕವಲೊಡೆಯುವ ರೈಲುದಾರಿ ಕೋಲಾರ ಚಿನ್ನದ ಗಣಿ ಪ್ರದೇಶವನ್ನು ಮುಟ್ಟುತ್ತದೆ. ಅಲ್ಲಿ 1903ರಲ್ಲಿ ಗಣಿಯ ಯುರೋಪಿಯನ್ ಹಾಗೂ ಆಂಗ್ಲೋ ಇಂಡಿಯನ್ ನೌಕರರ ರೈಫಲ್ ಸ್ವಯಂಸೇವಕ ಪಡೆ ಹುಟ್ಟಿತು. 1947ರಲ್ಲಿ ಅದು ವಿಸರ್ಜನೆಗೊಂಡಿತು. 2001ರಲ್ಲಿ ಗಣಿಯೂ ಮುಚ್ಚಿತು. ಅಂಥ ಹಳೆಯ ಕೋವಿಗಳನ್ನು ಸಂಗ್ರಹಿಸುವವರಿಗೆ ದೊಡ್ಡ ಶತ್ರು ತುಕ್ಕು.

ಕೋವಿ ಕೈಗೆ ಬಂದ ಕೂಡಲೇ ಮರಳುಕಾಗದದಿಂದ ತಿಕ್ಕಿ ಹೊಳಪು ಬರಿಸುವವರುಂಟು. ಆಗ ತುಕ್ಕಿನ ಜೊತೆಗೆ ಕಾರ್ಖಾನೆಯ ಮುದ್ರೆ, ತಯಾರಾದ ವರ್ಷವೂ ಅಳಿಸಿಹೋಗುತ್ತವೆ. ಹೊಳಪು ಬಂತು, ಚರಿತ್ರೆ ಹೋಯಿತು!

ಬಲ್ಲವರ ದಾರಿ ಬೇರೆ. ಅವರು ಕೋವಿಯ ಉಕ್ಕಿನ ಭಾಗಗಳನ್ನು ಬಿಡಿಸಿ ಶುದ್ಧ ನೀರಿನಲ್ಲಿ ಕುದಿಸುತ್ತಾರೆ. ಕಬ್ಬಿಣ, ಆಮ್ಲಜನಕ, ನೀರು ಸೇರಿ ಆದ ಕೆಂಪು ತುಕ್ಕು ಸಡಿಲವಾದದ್ದು. ತೇವ ಹಿಡಿದಿಟ್ಟು ಲೋಹವನ್ನು ತಿನ್ನುತ್ತಲೇ ಇರುತ್ತದೆ. ಕುದಿಸಿದಾಗ ಅದು ಮ್ಯಾಗ್ನೆಟೈಟ್ ಎಂಬ ಕಪ್ಪು ಆಕ್ಸೈಡ್ ಆಗಿ ಲೋಹಕ್ಕೆ ಅಂಟಿಕೊಳ್ಳುತ್ತದೆ. ಉದುರುವ ಪುಡಿಯನ್ನು ಮೆಲ್ಲನೆ ಒರೆಸಿ ಎಣ್ಣೆ ಸವರಿದರೆ ಕಳ್ಳನೇ ಕಾವಲುಗಾರನಾದಂತೆ.

ಆದರೆ ಎಚ್ಚರ! ರಿಪೇರಿ ಮಾಡಿದರೂ ಹಾರಿಸಲಾಗದ ಪುರಾತನ ಕೋವಿಗೆ 1959ರ ಶಸ್ತ್ರಾಸ್ತ್ರ ಕಾಯಿದೆಯಲ್ಲಿ ವಿನಾಯಿತಿಯಿದೆ. ಹಾರಿಸಬಹುದಾದ ರೈಫಲ್‌ಗೆ ಪರವಾನಗಿ ಬೇಕೇ ಬೇಕು. ಅಟ್ಟದಲ್ಲಿ ಅಜ್ಜನ ಕೋವಿ ಕಂಡರೆ ಮಕ್ಕಳು ಮುಟ್ಟಬಾರದು. ಒಳಗೆ ಮದ್ದುಗುಂಡು ಉಳಿದಿರಬಹುದು. ಹಿರಿಯರು ಪೊಲೀಸ್ ಠಾಣೆಗೆ ತಿಳಿಸಬೇಕು.

ಈ ವಿಜ್ಞಾನ ಕಲಿಯಲು ಕೋವಿಯೇ ಬೇಕಿಲ್ಲ. ತೆಳುವಾಗಿ ತುಕ್ಕು ಹಿಡಿದ ಎರಡು ಮೊಳೆಗಳು ಸಾಕು. ದೊಡ್ಡವರು ಜೊತೆಗಿರುವಾಗ, ಅಡುಗೆಗೆ ಬಳಸದ ಪಾತ್ರೆಯಲ್ಲಿ ಒಂದನ್ನು ಅರ್ಧ ಗಂಟೆ ಕುದಿಸಿ, ಇನ್ನೊಂದರ ಪಕ್ಕದಲ್ಲಿಟ್ಟು ನೋಡಿ. ಬಣ್ಣವೇ ಉತ್ತರ ಹೇಳುತ್ತದೆ.